ಉಚಿತವಾಗಿ ಪತ್ರಿಕೆ, ಪುಸ್ತಕ, ಸಂಶೋಧನೆ: ಧಾರವಾಡ, ಗದಗ, ಹಾವೇರಿಯ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದ ಮೇಲೆ, ವಾರಕ್ಕೆ ಮೂರು ದಿನ ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರುಗಳ ಹತ್ತಿರ ಹೋಗಿ ಕೂರುತ್ತೇನೆ. ಸಂಬಳವಿಲ್ಲ, ಅಧಿಕಾರವೂ ಇಲ್ಲ. ‘ಅಕ್ಕೋರೆ, ಇದೊಂದು ಸಿಗುತ್ತಿಲ್ಲ ನೋಡಿ’ ಎಂದು ಬಂದವರ ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳುವುದಷ್ಟೇ ಕೆಲಸ. ಪ್ರಶ್ನೆಗಳು ತಿರುಗಿ ತಿರುಗಿ ಅವೇ ಬರುವುದರಿಂದ ಉತ್ತರಗಳನ್ನು ಬರೆದಿಟ್ಟಿದ್ದೇನೆ. ಇಲಾಖೆಯ ಪರವಾಗಿ ಬರೆದದ್ದಲ್ಲ. ತಪ್ಪಿದ್ದರೆ ಅದು ನನ್ನದು.

ಇದೆಲ್ಲ ನಿಜವಾಗಿಯೂ ಉಚಿತವೇ? ಕೊನೆಗೆ ಎಲ್ಲಿಯಾದರೂ ದುಡ್ಡು ಕೇಳುತ್ತಾರಲ್ಲ?

ದುಡ್ಡನ್ನು ನೀವು ಆಗಲೇ ಕೊಟ್ಟಿದ್ದೀರಿ. ಮನೆಯ ಆಸ್ತಿ ತೆರಿಗೆಯ ರಸೀದಿಯನ್ನು ತೆಗೆದು ನೋಡಿ. ಆರೋಗ್ಯ ಕರ, ಭಿಕ್ಷುಕರ ಕರದ ಜೊತೆಗೆ ಗ್ರಂಥಾಲಯ ಕರ ಎಂದು ಒಂದು ಸಾಲು ಇರುತ್ತದೆ. ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದಾಗಿನಿಂದ ನಮ್ಮ ಗ್ರಂಥಾಲಯಗಳು ನಡೆಯುವುದು ಬಹುಮಟ್ಟಿಗೆ ಈ ಕರದಿಂದ. ಆದ್ದರಿಂದ ಕೌಂಟರಿನ ಮುಂದೆ ಸಂಕೋಚದಿಂದ ನಿಲ್ಲುವ ಅಗತ್ಯವಿಲ್ಲ. ಬಾಡಿಗೆ ಮನೆಯವರೂ ಬಾಡಿಗೆಯಲ್ಲಿ ಇದನ್ನು ಕೊಟ್ಟೇ ಇರುತ್ತಾರೆ.

ಕೆಳಗೆ ಹೇಳಿದ ಜಾಲತಾಣಗಳಲ್ಲಿ ಯಾವುದಾದರೂ ನಿಮ್ಮ ಬ್ಯಾಂಕ್ ಕಾರ್ಡಿನ ಸಂಖ್ಯೆ ಕೇಳಿದರೆ ನೀವು ತಪ್ಪು ಬಾಗಿಲು ತಟ್ಟಿದ್ದೀರಿ ಎಂದೇ ಅರ್ಥ. ಅಲ್ಲಿಂದ ಹೊರಗೆ ಬನ್ನಿ.

ಎಲ್ಲಿಂದ ಶುರು ಮಾಡಬೇಕು?

ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಿಂದ. 2020ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಇದನ್ನು ಶುರು ಮಾಡಿತು. ಮೊಬೈಲಿಗೆ ‘ಇ-ಸಾರ್ವಜನಿಕ ಗ್ರಂಥಾಲಯ’ ಎಂಬ ಆ್ಯಪ್ ಕೂಡ ಇದೆ. ನೋಂದಣಿ ಉಚಿತ. ಶಾಲಾ ಪಠ್ಯ, ಸ್ಪರ್ಧಾತ್ಮಕ ಪರೀಕ್ಷೆಯ ಸಾಮಗ್ರಿ, ಕಥೆ ಕಾದಂಬರಿ, ವಿಡಿಯೊ ಪಾಠ ಎಲ್ಲ ಒಂದೇ ಕಡೆ ಇವೆ. ನನ್ನ ಅಭಿಪ್ರಾಯ ಕೇಳಿದರೆ, ವಿದ್ಯಾರ್ಥಿಗಳಿಗೆ ಇದು ಒಳ್ಳೆಯದು, ಸಂಶೋಧಕರಿಗೆ ಸಾಲದು. ಎರಡನೆಯ ನಿಲ್ದಾಣ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ. ಖರಗಪುರದ ಐಐಟಿ ಕಟ್ಟಿದ್ದು, 2018ರ ಜೂನ್ 19ರಂದು ದೇಶಕ್ಕೆ ಅರ್ಪಣೆಯಾಯಿತು. ಅಲ್ಲಿ ಒಂದು ವಿಷಯ ತಿಳಿದಿರಬೇಕು: ಅದು ಪುಸ್ತಕಗಳ ಕಪಾಟಿಗಿಂತ ಹೆಚ್ಚಾಗಿ ಪುಸ್ತಕ ಎಲ್ಲಿದೆ ಎಂದು ಹೇಳುವ ಪಟ್ಟಿ. ಶೀರ್ಷಿಕೆಯನ್ನು ಒತ್ತಿದರೆ ಬೇರೆ ಯಾವುದೋ ಸಂಸ್ಥೆಯ ತಾಣಕ್ಕೆ ಕರೆದೊಯ್ಯುತ್ತದೆ. ಆ ಬಾಗಿಲು ಕೆಲವೊಮ್ಮೆ ತೆರೆದಿರುತ್ತದೆ, ಕೆಲವೊಮ್ಮೆ ಬೀಗ ಹಾಕಿರುತ್ತದೆ. ಬೀಗ ಕಂಡ ಕೂಡಲೇ ಇಡೀ ತಾಣವೇ ಸುಳ್ಳು ಎಂದು ಎದ್ದು ಹೋಗಬೇಡಿ. ಶೋಧಿಸುವಾಗಲೇ ಎಲ್ಲರಿಗೂ ಮುಕ್ತವಾಗಿರುವುದನ್ನು ಮಾತ್ರ ತೋರಿಸುವಂತೆ ಆರಿಸಿಕೊಳ್ಳಬಹುದು.

ನಾನು ಗ್ರಂಥಾಲಯದ ಸದಸ್ಯನಲ್ಲ. ಆದರೂ ನಡೆಯುತ್ತದೆಯೇ?

ನಡೆಯುತ್ತದೆ. ಠೇವಣಿ, ಅರ್ಜಿ, ಗುರುತಿನ ದಾಖಲೆ ಬೇಕಾಗುವುದು ಪುಸ್ತಕವನ್ನು ಮನೆಗೆ ಒಯ್ಯುವವರಿಗೆ. ಕುಳಿತು ಓದಲು ಯಾರೂ ತಡೆಯುವುದಿಲ್ಲ. ನೋಂದಣಿಗೆ ಮಾತ್ರ ಒಟಿಪಿ ಬರುವ ಮೊಬೈಲನ್ನು ಜೊತೆಗೆ ತನ್ನಿ. ಮನೆಯಲ್ಲಿ ಬಿಟ್ಟು ಬಂದು, ಮಗನಿಗೆ ಫೋನ್ ಮಾಡಿ ಸಂಖ್ಯೆ ಓದಿಸುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ವಾರಕ್ಕೆ ಇಬ್ಬರಾದರೂ ಹೀಗೆ ವಾಪಸ್ ಹೋಗುತ್ತಾರೆ.

ನಮ್ಮದು ಹಳ್ಳಿ. ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತಿಕೊಂಡು ಬರಬೇಕೇ?

ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ನೋಡಿ. ಅವು ಈಗ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಯಲ್ಲಿವೆ, ‘ಅರಿವು ಕೇಂದ್ರ’ ಎಂಬ ಹೆಸರಿದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳ ಓಡಾಟ ಹೆಚ್ಚಿತು. ಅನೇಕ ಕಡೆ ಕಂಪ್ಯೂಟರೂ ಬಂದಿದೆ. ಕೆಲವು ಕಡೆ ಅದು ಮುಸುಕು ಹೊದ್ದು ಕೂತಿರುತ್ತದೆ. ಮುಸುಕು ತೆಗೆಯಲು ಹೇಳಿ, ಅದು ನಿಮಗಾಗಿಯೇ ಇರುವುದು.

ಇಂದಿನ ಪತ್ರಿಕೆಯನ್ನು ಉಚಿತವಾಗಿ ಓದುವುದು ಹೇಗೆ?

ಗ್ರಂಥಾಲಯದ ಮೇಜಿನ ಮೇಲೆ, ಕಾಗದದಲ್ಲಿ. ಹೀಗೆ ಹೇಳಿದರೆ ಹುಡುಗರು ನಗುತ್ತಾರೆ. ಆದರೆ ಒಂದೇ ಬೆಳಿಗ್ಗೆ ಏಳೆಂಟು ದಿನಪತ್ರಿಕೆಗಳ ಜಿಲ್ಲಾ ಪುಟಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಸುದ್ದಿಯನ್ನು ಹೋಲಿಸಿ ನೋಡುವ ಸೌಲಭ್ಯ ಬೇರೆಲ್ಲಿಯೂ ಇಲ್ಲ. ಕನ್ನಡ ಪತ್ರಿಕೆಗಳ ಇ-ಪೇಪರುಗಳಲ್ಲಿ ಕೆಲವು ಹಾಗೆಯೇ ತೆರೆಯುತ್ತವೆ, ಕೆಲವು ಲಾಗಿನ್ ಕೇಳುತ್ತವೆ, ಕೆಲವು ಚಂದಾ ಕೇಳುತ್ತವೆ. ಈ ನಿಯಮ ಆಗಾಗ ಬದಲಾಗುವುದರಿಂದ ಪಟ್ಟಿ ಕೊಡಲು ಹೋಗುವುದಿಲ್ಲ.

ಯಾವ ಚಂದಾವೂ ಬೇಡದ ಎರಡು ಮೂಲಗಳನ್ನು ಜನ ಮರೆಯುತ್ತಾರೆ. ಒಂದು ಆಕಾಶವಾಣಿಯ ಸುದ್ದಿ ತಾಣ. ಪ್ರದೇಶ ಸಮಾಚಾರ ತಪ್ಪಿಹೋದರೆ ಅಲ್ಲಿ ಆಮೇಲೆ ಕೇಳಬಹುದು. ಇನ್ನೊಂದು ಕೇಂದ್ರ ಸರ್ಕಾರದ ವಾರ್ತಾ ಶಾಖೆಯಾದ ಪಿಐಬಿಯ ಕನ್ನಡ ಪ್ರಕಟಣೆಗಳು. ಅದು ಸರ್ಕಾರದ ಮಾತು, ಸುದ್ದಿಯಲ್ಲ; ಆದರೆ ಯೋಜನೆಯ ಮೊತ್ತವೆಷ್ಟು, ಕೊನೆಯ ದಿನ ಯಾವುದು ಎಂಬ ಜಗಳ ತೀರಿಸಲು ಅದೇ ಸಾಕು.

ಬೆಳಿಗ್ಗೆ ಆರಕ್ಕೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲ ಪತ್ರಿಕೆಗಳ ಪಿಡಿಎಫ್ ಬರುತ್ತದಲ್ಲ?

ಬರುತ್ತದೆ. ಅದು ಕಳ್ಳಮಾಲು. ಪತ್ರಿಕೆಯವರ ಅನುಮತಿಯಿಲ್ಲದೆ ಹಂಚುವುದು ಕೃತಿಸ್ವಾಮ್ಯದ ಉಲ್ಲಂಘನೆ. ಜಿಲ್ಲೆಯ ವರದಿಗಾರನ ಸಂಬಳ ಬರುವುದು ನಾವು ಕೊಡುವ ಹಣದಿಂದ ಎಂಬುದು ಒಂದು ಕಡೆ. ಇನ್ನೊಂದು ಕಡೆ, ಪತ್ರಿಕೆಯ ಹೆಸರು ಹೊತ್ತ ಕಡತದಲ್ಲಿ ಏನು ಅಡಗಿದೆ ಎಂದು ನಿಮಗೆ ಗೊತ್ತಿಲ್ಲ. ಕಡತದ ಹೆಸರು ಎಪಿಕೆ ಎಂದು ಕೊನೆಗೊಂಡರಂತೂ ಮುಟ್ಟಲೇಬೇಡಿ, ಅದು ಪತ್ರಿಕೆಯಲ್ಲ, ಮೊಬೈಲಿಗೆ ಆ್ಯಪ್ ಹಾಕುವ ಕಡತ.

ನನಗೆ ಬೇಕಿರುವುದು ಇಂದಿನದಲ್ಲ, ಎಪ್ಪತ್ತು ವರ್ಷದ ಹಿಂದಿನ ಪತ್ರಿಕೆ. ಅಂತರ್ಜಾಲದಲ್ಲಿ ಸಿಗುತ್ತದೆಯೇ?

ಈ ಪ್ರಶ್ನೆಗೆ ಸಿಹಿ ಉತ್ತರವಿಲ್ಲ. ಹೋದ ವರ್ಷ ರಾಣೆಬೆನ್ನೂರಿನ ಕಡೆಯ ಹಿರಿಯರೊಬ್ಬರು ಬಂದಿದ್ದರು. 1953ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರು ಕರ್ನಾಟಕ ಏಕೀಕರಣಕ್ಕಾಗಿ ಉಪವಾಸ ಕೂತಾಗ ಹುಬ್ಬಳ್ಳಿಯಲ್ಲಿ ಗಲಭೆಯಾಯಿತಲ್ಲ, ಆಗ ಅವರ ತಂದೆಯನ್ನು ಪೊಲೀಸರು ಹಿಡಿದೊಯ್ದಿದ್ದರಂತೆ. ಪತ್ರಿಕೆಯಲ್ಲಿ ಹೆಸರು ಬಂದಿತ್ತು ಎಂದು ಮನೆಯಲ್ಲಿ ಹೇಳುತ್ತಿದ್ದರಂತೆ. ಆ ಹೆಸರನ್ನು ಅಚ್ಚಿನಲ್ಲಿ ಒಮ್ಮೆ ನೋಡಬೇಕು ಎಂಬುದಷ್ಟೇ ಅವರ ಆಸೆ.

ಆ ಕಾಲದ ಕನ್ನಡ ದಿನಪತ್ರಿಕೆಗಳ ಪೂರ್ತಿ ಸಂಚಿಕೆಗಳನ್ನು ಶೋಧಿಸಿ ಓದುವಂಥ ಉಚಿತ ತಾಣ ನಮಗೆ ಸಿಗಲಿಲ್ಲ. ಹಾಗಾಗಿ ಸುತ್ತುದಾರಿ ಹಿಡಿದೆವು. ಗೂಗಲ್ ನ್ಯೂಸ್ ಆರ್ಕೈವ್‌ನಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳ ಪುಟಚಿತ್ರಗಳಿವೆ. ಪದ ಕೊಟ್ಟು ಹುಡುಕುವುದನ್ನು ಅಲ್ಲಿ ನಂಬಬೇಡಿ. ಪತ್ರಿಕೆಯ ಹೆಸರು, ತಿಂಗಳು, ದಿನಾಂಕ ಹಿಡಿದು ಒಂದೊಂದೇ ಪುಟ ತಿರುವಬೇಕು. ಸಂಸತ್ತಿನ ಚರ್ಚೆಗಳು 1952ರಿಂದಲೂ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿವೆ. 1954ರವರೆಗೆ ಲೋಕಸಭೆಗೆ ಇಂಗ್ಲಿಷಿನಲ್ಲಿ ‘ಹೌಸ್ ಆಫ್ ದಿ ಪೀಪಲ್’ ಎಂಬ ಹೆಸರಿತ್ತು, ದಾಖಲೆಗಳೂ ಆ ಹೆಸರಿನಲ್ಲೇ ಇವೆ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ದಲ್ಲಿ ನೋಂದಾಯಿಸಿಕೊಂಡರೆ ಸರ್ಕಾರಿ ಕಡತಗಳನ್ನು ನೋಡಬಹುದು. ಹೀಗೆ ಗಲಭೆಯ ಕಾಲ, ಜಾಗ, ಹಿನ್ನೆಲೆಯೆಲ್ಲ ಕೈಗೆ ಬಂದವು. ತಂದೆಯ ಹೆಸರು ಬರಲಿಲ್ಲ.

ಕೊನೆಗೆ ಕಾಗದಕ್ಕೇ ಹೋಗಬೇಕಾಯಿತು. ಒಂದು ಹಳೆಯ ಸಂಸ್ಥೆಯವರು ಕಪಾಟಿನ ಕೀಲಿ ಕೊಟ್ಟರು. ಆರು ತಿಂಗಳ ಸಂಚಿಕೆಗಳನ್ನು ಸೇರಿಸಿ ಹೊಲಿದ ಕಟ್ಟು ಅದು, ಎತ್ತಲು ಇಬ್ಬರು ಬೇಕು. ಹಾಳೆಗಳು ಹಪ್ಪಳದಂತೆ ಮುರಿಯುತ್ತವೆ. ಹೊಲಿಗೆ ಎಷ್ಟು ಒಳಗೆ ಹೋಗಿದೆಯೆಂದರೆ ಎಡಪುಟದ ಕೊನೆಯ ಅಂಕಣದ ಅರ್ಧ ಅಕ್ಷರಗಳು ಬೆನ್ನಿನೊಳಗೆ ನುಂಗಿಹೋಗಿವೆ. ಹಿರಿಯರು ಟಾರ್ಚ್ ಹಿಡಿದರು, ನಾನು ಮೊಬೈಲನ್ನು ಓರೆಯಾಗಿ ಇಟ್ಟು ಫೋಟೊ ತೆಗೆದೆ. ಬಂಧಿತರ ಹೆಸರುಗಳ ಸಾಲು ಇತ್ತು. ತಂದೆಯ ಅಡ್ಡಹೆಸರು ಇತ್ತು, ಹೆಸರು ಹೊಲಿಗೆಯಲ್ಲಿತ್ತು. ‘ಇಷ್ಟು ಸಾಕು’ ಎಂದರು.

ನೀವು ಇನ್ನೂ ಮುಂದೆ ಹೋಗಬೇಕೆಂದಿದ್ದರೆ: ಅಚ್ಚಾದ ಪುಸ್ತಕಗಳ ಪ್ರತಿಯನ್ನು ಗ್ರಂಥಾಲಯಗಳಿಗೆ ಸಲ್ಲಿಸುವ 1954ರ ಕಾಯ್ದೆ ಮತ್ತು ಅದರ 1956ರ ತಿದ್ದುಪಡಿಯ ಪ್ರಕಾರ ಪತ್ರಿಕೆಗಳ ಪ್ರತಿಗಳನ್ನು ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ, ಮುಂಬೈ ಮತ್ತು ದೆಹಲಿಯ ಗ್ರಂಥಾಲಯಗಳಿಗೆ ಸಲ್ಲಿಸಬೇಕು. ಸ್ವಾತಂತ್ರ್ಯಕ್ಕೆ ಮುಂಚಿನ ಸುದ್ದಿಯಾದರೆ ಇನ್ನೊಂದು ದಾರಿಯಿದೆ. ಆಗ ನಮ್ಮ ಭಾಗವನ್ನು ಆಳುತ್ತಿದ್ದ ಮುಂಬೈ ಸರ್ಕಾರ ದೇಶೀ ಭಾಷೆಯ ಪತ್ರಿಕೆಗಳು ಏನು ಬರೆಯುತ್ತಿವೆ ಎಂದು ಕಣ್ಣಿಟ್ಟು, ಅವುಗಳ ಸಾರವನ್ನು ಇಂಗ್ಲಿಷಿನಲ್ಲಿ ವಾರವಾರ ಮಾಡಿಸಿಕೊಳ್ಳುತ್ತಿತ್ತು. ಮೂಲ ಪತ್ರಿಕೆ ಗೆದ್ದಲಿಗೆ ಹೋದ ಕಡೆಯೂ ಅನುಮಾನಪಟ್ಟ ಸರ್ಕಾರದ ಸಾರಾಂಶ ಉಳಿದಿದೆ. ‘ಸೌತ್ ಏಷ್ಯಾ ಓಪನ್ ಆರ್ಕೈವ್ಸ್’ ಎಂಬ ಉಚಿತ ತಾಣದಲ್ಲಿ ಇಂಥ ವರದಿಗಳು, ಹಳೆಯ ಜನಗಣತಿ, ಆಡಳಿತ ವರದಿಗಳನ್ನು ಹುಡುಕಬಹುದು.

ನಮ್ಮ ಊರಿನ ಹೆಸರು ಹಾಕಿದರೆ ಏನೂ ಬರುವುದಿಲ್ಲ. ನಮ್ಮ ಭಾಗದ ಬಗ್ಗೆ ಯಾರೂ ಬರೆದೇ ಇಲ್ಲವೇ?

ಬರೆದಿದ್ದಾರೆ, ಬೇರೆ ಹೆಸರಿನಲ್ಲಿ. ನಾನು ಇಡೀ ದಿನ ಹೇಳುವುದು ಇದೊಂದೇ ಮಾತನ್ನು.

ಇಂಗ್ಲಿಷ್ ದಾಖಲೆಗಳಲ್ಲಿ ಧಾರವಾಡದ ಕೊನೆಯ ಅಕ್ಷರ ‘ಡಿ’ ಅಲ್ಲ, ‘ಆರ್’. ಬ್ರಿಟಿಷರು ‘ಧಾರ್ವಾರ್’ ಎಂದೇ ಬರೆದರು. ಹುಬ್ಬಳ್ಳಿ 2014ರ ನವೆಂಬರ್ 1ರವರೆಗೆ ಅಧಿಕೃತವಾಗಿ ‘ಹುಬ್ಲಿ’. ಕನ್ನಡ ಎಂಬುದು ‘ಕೆನರೀಸ್’. ಈ ಮೂರು ಪದಗಳನ್ನು ಹಳೆಯ ಕಾಗುಣಿತದಲ್ಲಿ ಹಾಕಿ ನೋಡಿ, ಖಾಲಿ ಇದ್ದ ಪರದೆ ತುಂಬುತ್ತದೆ.

ಗದಗ ಮತ್ತು ಹಾವೇರಿಯವರ ಪಾಡು ಬೇರೆ. 1997ರವರೆಗೆ ನಿಮ್ಮ ಜಿಲ್ಲೆಯೇ ಇರಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಧಾರವಾಡವನ್ನು ಒಡೆದು ಮೂರು ಮಾಡಿದರು. ಆದ್ದರಿಂದ ‘ಹಾವೇರಿ ಜಿಲ್ಲೆ 1961’ ಎಂದು ಹುಡುಕಿದರೆ ಕಂಪ್ಯೂಟರ್ ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತದೆ. ಹಾನಗಲ್ಲಿನ ಜನಸಂಖ್ಯೆ ಬೇಕಿದ್ದರೆ ಧಾರವಾಡ ಜಿಲ್ಲೆಯ ಜನಗಣತಿ ಕೈಪಿಡಿಯನ್ನು ತೆರೆದು ಹಾನಗಲ್ ತಾಲ್ಲೂಕಿಗೆ ಹೋಗಿ. ಜನಗಣತಿ ಇಲಾಖೆಯ ತಾಣದಲ್ಲಿ ಹಳೆಯ ಕೈಪಿಡಿಗಳು ಉಚಿತವಾಗಿವೆ. ಗಜೇಂದ್ರಗಡದವರು ರೋಣ ತಾಲ್ಲೂಕಿನೊಳಗೆ ಹುಡುಕಿ.

ಇನ್ನೂ ಹಿಂದಕ್ಕೆ, 1956ರ ನವೆಂಬರ್ 1ಕ್ಕಿಂತ ಮುಂಚೆ ಹೋದರೆ ನಮ್ಮ ಸರ್ಕಾರ ಬೆಂಗಳೂರಿನಲ್ಲಿಯೇ ಇರಲಿಲ್ಲ, ಮುಂಬೈಯಲ್ಲಿತ್ತು. ಮೈಸೂರಿನ ದಾಖಲೆಗಳಲ್ಲಿ ಧಾರವಾಡವನ್ನು ಹುಡುಕುವುದೆಂದರೆ ಪಕ್ಕದ ಮನೆಯ ಕಪಾಟಿನಲ್ಲಿ ನಮ್ಮ ಮನೆಯ ರೇಷನ್ ಕಾರ್ಡ್ ಹುಡುಕಿದಂತೆ. ಮುಂಬೈ ಪ್ರಾಂತದ ಗೆಜೆಟಿಯರ್ ಮಾಲೆಯ 22ನೆಯ ಸಂಪುಟ, 1884ರಲ್ಲಿ ಅಚ್ಚಾದದ್ದು, ಪೂರ್ತಿ ನಮ್ಮದೇ. ಹತ್ತಿ, ನೇಕಾರಿಕೆ, ಕೆರೆ, ಸಂತೆ, ಜಾತ್ರೆ, ಬರ ಎಲ್ಲ ಅದರಲ್ಲಿವೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. ಜಾತಿಗಳ ಬಗ್ಗೆ ಅದರಲ್ಲಿ ಬರೆದಿರುವುದನ್ನು ಓದುವಾಗ ಬರೆದವರು ಯಾರು, ಯಾರಿಗಾಗಿ ಬರೆದರು ಎಂಬುದು ನೆನಪಿರಲಿ. ಅಂಕಿ ಅಂಶಗಳಿಗೆ ಮಾತ್ರ ಅದಕ್ಕಿಂತ ಉಪಕಾರಿ ಪುಸ್ತಕ ಆ ಕಾಲದ್ದು ಇನ್ನೊಂದಿಲ್ಲ.

ಲಕ್ಕುಂಡಿಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಎರಡು ದಿನ ಹುಡುಕಿದೆ. ಒಂದೂ ಇಲ್ಲ.

ಇರುವುದಿಲ್ಲ. ಬಿ.ಎಲ್. ರೈಸ್ ಅವರು ಆ ಮಾಲೆಯನ್ನು ಕಟ್ಟಿದ್ದು ಹಳೆಯ ಮೈಸೂರು ಸಂಸ್ಥಾನಕ್ಕೆ. ನಮ್ಮ ಕಡೆಯ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯಲ್ಲಿ ‘ಬಾಂಬೆ-ಕರ್ನಾಟಕ ಶಾಸನಗಳು’ ಎಂಬ ಉಪಶೀರ್ಷಿಕೆಯ ಸಂಪುಟಗಳಲ್ಲಿವೆ: 11, 15, 18 ಮತ್ತು 20. ಅತ್ತಿಮಬ್ಬೆಯ 1007ರ ಲಕ್ಕುಂಡಿ ಶಾಸನ 11ನೆಯದರ ಮೊದಲ ಭಾಗದಲ್ಲಿದೆ. ಇದಲ್ಲದೆ, 1939ರಲ್ಲಿ ಧಾರವಾಡದಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಬೇರೆಯೇ ಒಂದು ಶಾಸನ ಮಾಲೆಯನ್ನು ಹೊರತಂದಿತು. ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಚದುರಿಕೊಂಡಿವೆ. ಶೀರ್ಷಿಕೆ ತಪ್ಪಾಗಿ ದಾಖಲಾಗಿರುವುದು ಸಾಮಾನ್ಯ, ಎರಡು ಮೂರು ಬಗೆಯಲ್ಲಿ ಹುಡುಕಿ. ಕೇಂದ್ರ ಸಂಸ್ಕೃತಿ ಸಚಿವಾಲಯದ ‘ಇಂಡಿಯನ್ ಕಲ್ಚರ್’ ತಾಣವನ್ನೂ ನೋಡಬಹುದು.

ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ, ಆದರೆ ಕಡತ ತೆರೆದರೆ ಅದರಲ್ಲಿ ಆ ಪದ ಇದೆ. ಇದೇನು ಮಾಯೆ?

ಮಾಯೆಯ ಹೆಸರು ಹಳೆಯ ಅಕ್ಷರವಿನ್ಯಾಸ. ಎಲ್ಲ ಕಂಪ್ಯೂಟರುಗಳೂ ಒಂದೇ ಬಗೆಯಲ್ಲಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮುಂಚೆ, ಆಮೇಲೂ ಬಹಳ ಕಾಲ, ಕಚೇರಿಗಳಲ್ಲಿ ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುತ್ತಿದ್ದರು. ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಮೇಲೆ ಹಾಕಿದ ವೇಷ. ಒಂದು ಸಾಲನ್ನು ನಕಲಿಸಿ ಬೇರೆ ಕಡೆ ಅಂಟಿಸಿ ನೋಡಿ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಬಂದರೆ ಅದೇ ರೋಗ. ಅಂಥ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ.

ಸ್ಕ್ಯಾನ್ ಆದ ಪುಟವಾದರೆ ಅದು ಬರಿಯ ಚಿತ್ರ, ಅಕ್ಷರವೇ ಅಲ್ಲ. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡವನ್ನು ಸುಮಾರಾಗಿ ಓದಿ ಕೊಡುತ್ತದೆ. ಒತ್ತಕ್ಷರಗಳಲ್ಲಿ ಎಡವುತ್ತದೆ, ಹಳೆಯ ಅಚ್ಚುಮೊಳೆಯಲ್ಲಿ ಇನ್ನೂ ಹೆಚ್ಚು. ಉದ್ಧರಿಸುವ ಮುಂಚೆ ಮೂಲದೊಂದಿಗೆ ಕಣ್ಣಾರೆ ತಾಳೆ ನೋಡಿ.

ಪದಗಳ ಅರ್ಥಕ್ಕೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ನಿಘಂಟುಗಳ ರಾಶಿಯಿದೆ. ಕನ್ನಡದಲ್ಲೇ ವಿಷಯ ತಿಳಿಯಲು ‘ಕಣಜ’ ಎಂಬ ಜ್ಞಾನಕೋಶದ ತಾಣ ನೋಡಿ.

ಸಂಶೋಧನ ಪ್ರಬಂಧ, ಜರ್ನಲ್ ಲೇಖನಗಳು ಬೇಕು. ನಾನು ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ.

ಪಿಎಚ್‌.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುತ್ತದೆ, ಲಾಗಿನ್ ಬೇಡ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಪ್ರಬಂಧಗಳೂ ಅಲ್ಲಿವೆ. ಕನ್ನಡದಲ್ಲಿ ಬರೆದ ಪ್ರಬಂಧದ ಶೀರ್ಷಿಕೆ ಅಲ್ಲಿ ಅನೇಕ ಸಲ ಇಂಗ್ಲಿಷ್ ಲಿಪಿಯಲ್ಲಿ, ಬರೆದವರ ಮನಸ್ಸಿಗೆ ಬಂದ ಕಾಗುಣಿತದಲ್ಲಿ ಇರುತ್ತದೆ. ಶೀರ್ಷಿಕೆಯಿಂದ ಸಿಗದಿದ್ದರೆ ವಿಶ್ವವಿದ್ಯಾಲಯ, ಆಮೇಲೆ ವಿಭಾಗ, ಆಮೇಲೆ ಮಾರ್ಗದರ್ಶಕರ ಹೆಸರು ಹೀಗೆ ಇಳಿಯುತ್ತ ಹೋಗಿ. ಪ್ರಬಂಧ ಸಿಕ್ಕಿದ ಮೇಲೆ ನೇರವಾಗಿ ಕೊನೆಯ ಗ್ರಂಥಸೂಚಿಗೆ ಹೋಗಿ. ಇನ್ನೊಬ್ಬರು ನಾಲ್ಕು ವರ್ಷ ಅಲೆದು ಮಾಡಿದ ಪಟ್ಟಿ ಅದು. ಪ್ರಬಂಧ ಸಪ್ಪೆಯಾಗಿದ್ದರೂ ಪಟ್ಟಿ ಕೆಲಸಕ್ಕೆ ಬರುತ್ತದೆ.

ಜರ್ನಲ್‌ಗಳ ವಿಷಯದಲ್ಲಿ ‘ಒಂದು ದೇಶ ಒಂದು ಚಂದಾ’ ಯೋಜನೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಜರ್ನಲ್‌ಗಳು. ಆದರೆ ಅದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳು ಮತ್ತು ಕೇಂದ್ರದ ಸಂಶೋಧನ ಸಂಸ್ಥೆಗಳವರಿಗೆ. ಸಾರ್ವಜನಿಕ ಗ್ರಂಥಾಲಯದ ಓದುಗನಿಗೆ ಆ ಬಾಗಿಲು ಇನ್ನೂ ತೆರೆದಿಲ್ಲ. ನಮ್ಮ ತೆರಿಗೆಯ ದುಡ್ಡಿನ ಚಂದಾ ನಮಗೇ ಇಲ್ಲವೆಂದರೆ ನನಗೂ ಸಿಟ್ಟು ಬರುತ್ತದೆ. ಮಗಳೋ ಸೊಸೆಯೋ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದರೆ ಅವಳ ಕಾಲೇಜು ಸೇರಿದೆಯೇ ಎಂದು ಅವಳೇ ಗ್ರಂಥಪಾಲಕರನ್ನು ಕೇಳಲಿ.

ಹೊರಗಿನವರಿಗೆ ಜರ್ನಲ್ ಲೇಖನಗಳ ಭಂಡಾರವಾದ ಜೆಸ್ಟೋರ್ ಇದೆ. ಉಚಿತ ಖಾತೆ ತೆರೆದರೆ 30 ದಿನಕ್ಕೆ 100 ಲೇಖನ ಪರದೆಯ ಮೇಲೆ ಓದಬಹುದು, ಇಳಿಸಿಕೊಳ್ಳಲಾಗದು. ವೈದ್ಯಕೀಯಕ್ಕೆ ಪಬ್‌ಮೆಡ್ ಸೆಂಟ್ರಲ್. ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಬಲಬದಿಗೆ ಪಿಡಿಎಫ್ ಕೊಂಡಿ ಕಂಡರೆ ಅದು ಸಾಮಾನ್ಯವಾಗಿ ಉಚಿತ ಪ್ರತಿ. ಏನೂ ಕಾಣದಿದ್ದರೆ ಲೇಖಕರಿಗೇ ಎರಡು ಸಾಲಿನ ಮಿಂಚಂಚೆ ಬರೆಯಿರಿ. ತಮ್ಮ ಲೇಖನವನ್ನು ಒಬ್ಬರಾದರೂ ಓದುತ್ತಾರಲ್ಲ ಎಂಬ ಖುಷಿಗೆ ಬಹಳಷ್ಟು ಜನ ಕಳಿಸುತ್ತಾರೆ.

ನಾವು ರೈತರು. ನಮಗೆ ಇದರಲ್ಲಿ ಏನಿದೆ?

ಬ್ಯಾಡಗಿ ತಾಲ್ಲೂಕಿನ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಪದವಿಯ ಎರಡನೆಯ ವರ್ಷದಲ್ಲಿದ್ದಳು. ಅಪ್ಪನ ಹೊಲದಲ್ಲಿ ಮೆಣಸಿನ ಗಿಡದ ಎಲೆಗಳು ದೋಣಿಯಂತೆ ಮುದುಡುತ್ತಿದ್ದವು. ಮೊಬೈಲಿನಲ್ಲಿ ಹುಡುಕಿದರೆ ಔಷಧ ಮಾರುವವರ ವಿಡಿಯೊಗಳೇ. ಪ್ರತಿಯೊಬ್ಬರೂ ತಮ್ಮ ಬಾಟಲಿಯನ್ನೇ ತೋರಿಸುವವರು.

ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳ ಭಂಡಾರವಾದ ‘ಕೃಷಿಕೋಶ’ವನ್ನು ತೆರೆದೆವು. ಇಂಗ್ಲಿಷಿನಲ್ಲಿ ‘ಮೆಣಸಿನಕಾಯಿ ಎಲೆ ಸುರುಳಿ’ ಎಂಬರ್ಥದ ಪದ ಹಾಕಿದರೆ ದೇಶದ ಎಲ್ಲೆಡೆಯದು ಬಂದು ಗುಡ್ಡೆ ಬಿತ್ತು. ಆಮೇಲೆ ನೆನಪಾಯಿತು: ನಮ್ಮ ಕಡೆಯ ವಿಜ್ಞಾನಿಗಳು ಈ ರೋಗವನ್ನು ಇಂಗ್ಲಿಷ್ ಲೇಖನದಲ್ಲೂ ‘ಮುರ್ಡಾ’ ಎಂದೇ ಬರೆಯುತ್ತಾರೆ. ರೈತರ ಬಾಯಿಂದ ಹೋಗಿ ವಿಜ್ಞಾನದ ಪದವಾದದ್ದು ಅದು. ‘ಮುರ್ಡಾ’ ಎಂದು ಹಾಕಿದ ಕೂಡಲೇ ನಮ್ಮದೇ ಮಣ್ಣು, ನಮ್ಮದೇ ತಳಿ, ನಮ್ಮದೇ ಮಳೆಯಲ್ಲಿ ಮಾಡಿದ ಪ್ರಯೋಗಗಳು ಸಾಲಾಗಿ ನಿಂತವು. ಮುದುಡುವುದಕ್ಕೆ ಥ್ರಿಪ್ಸ್ ನುಸಿಯೂ ಕಾರಣ, ಮೈಟ್ ನುಸಿಯೂ ಕಾರಣ, ಎಲೆ ಮೇಲಕ್ಕೆ ಮುದುಡಿದರೆ ಒಂದು, ಕೆಳಕ್ಕೆ ಮುದುಡಿದರೆ ಇನ್ನೊಂದು ಎಂಬುದು ಆಗ ತಿಳಿಯಿತು. ಒಂದರ ಔಷಧವನ್ನು ಇನ್ನೊಂದಕ್ಕೆ ಹೊಡೆದರೆ ದುಡ್ಡು ಗಾಳಿಗೆ. ಅವಳು ಆ ಪುಟವನ್ನು ಅಪ್ಪನಿಗೆ ವಾಟ್ಸ್‌ಆ್ಯಪ್ ಮಾಡಿ, ಎಲೆ ಯಾವ ಕಡೆಗೆ ಮುದುಡಿದೆ ಎಂದು ಫೋಟೊ ತರಿಸಿಕೊಂಡಳು. ಪ್ರಬಂಧ ಹಳೆಯದಿರಬಹುದು, ಔಷಧಗಳು ಬದಲಾಗಿರಬಹುದು. ಸಿಂಪಡಿಸುವ ಮುಂಚೆ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಎಂದು ಹೇಳಿಯೇ ಕಳಿಸಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ತನ್ನದೇ ಕೃಷಿ ವಿಜ್ಞಾನ ಪತ್ರಿಕೆಯನ್ನೂ ಪ್ರಕಟಿಸುತ್ತದೆ, ಅದನ್ನೂ ನೋಡಬಹುದು.

ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. ಯಾವ ನೋಟ್ಸ್ ಕೊಳ್ಳಲಿ?

ಕೊಳ್ಳುವ ಮುಂಚೆ ಆ ನೋಟ್ಸ್ ಯಾವುದರಿಂದ ಎತ್ತಿದ್ದು ಎಂದು ನೋಡು ತಮ್ಮಾ. ರಾಜ್ಯದ ಆರ್ಥಿಕ ಸಮೀಕ್ಷೆ, ಬಜೆಟ್ ಭಾಷಣ, ರಾಜ್ಯದ ಪಠ್ಯಪುಸ್ತಕಗಳು, ಎನ್‌ಸಿಇಆರ್‌ಟಿ ಪುಸ್ತಕಗಳು ಎಲ್ಲವೂ ಸರ್ಕಾರಿ ತಾಣಗಳಲ್ಲಿ ಉಚಿತ. ಇಗ್ನೋದ ‘ಇ-ಜ್ಞಾನಕೋಶ’ದ ಪಾಠಗಳು ಯಾವ ಮಾರ್ಗದರ್ಶಿಗಿಂತಲೂ ಅಚ್ಚುಕಟ್ಟು. ಮೂಲ ಓದಿದವನಿಗೆ ಪ್ರಶ್ನೆ ತಿರುಗಿಸಿ ಕೇಳಿದರೂ ತಲೆ ತಿರುಗುವುದಿಲ್ಲ.

ಕಾಯ್ದೆ, ಕೋರ್ಟಿನ ತೀರ್ಪುಗಳು?

ಸುಪ್ರೀಂ ಕೋರ್ಟಿನ ತೀರ್ಪುಗಳ ತಾಣ ‘ಇ-ಎಸ್‌ಸಿಆರ್’ 2023ರ ಜನವರಿಯಿಂದ ಉಚಿತ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ರಾಜ್ಯಪತ್ರ ‘ಇ-ರಾಜ್ಯಪತ್ರ’ದಲ್ಲಿ. ಓದಿದ ಮೇಲೆ ವಕೀಲರನ್ನು ಕಾಣಿ, ನನ್ನನ್ನಲ್ಲ.

ಸಿಕ್ಕಿದ ಹಳೆಯ ಪುಸ್ತಕವನ್ನು ಪೂರ್ತಿ ಇಳಿಸಿಕೊಂಡು ಮುದ್ರಿಸಿ ಹಂಚಬಹುದೇ?

ಬರೆದವರು ತೀರಿಕೊಂಡದ್ದು ಯಾವಾಗ ಎಂಬುದರ ಮೇಲಿದೆ. ನಮ್ಮಲ್ಲಿ ಲೇಖಕರು ತೀರಿದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಹಾವೇರಿ ಸೀಮೆಯ ಗಳಗನಾಥರು 1942ರಲ್ಲಿ ತೀರಿಕೊಂಡರು, ಅವರ ಕಾದಂಬರಿಗಳು ಯಾವಾಗಲೋ ಎಲ್ಲರ ಸೊತ್ತಾಗಿವೆ. ಆಲೂರು ವೆಂಕಟರಾಯರು ಮತ್ತು ಫ.ಗು. ಹಳಕಟ್ಟಿಯವರು ಇಬ್ಬರೂ 1964ರಲ್ಲಿ ತೀರಿಕೊಂಡವರು. ಅವರ ಬರಹ 2025ರ ಜನವರಿ 1ರಿಂದ ಮುಕ್ತ. ಹುಯಿಲಗೋಳ ನಾರಾಯಣರಾಯರದು 2031ರ ಕೊನೆಯವರೆಗೆ, ಬೇಂದ್ರೆಯವರದು 2041ರ ಕೊನೆಯವರೆಗೆ ಕಾಯಬೇಕು. ಒಂದು ಪುಸ್ತಕದ ಸ್ಕ್ಯಾನ್ ಪ್ರತಿ ಎಲ್ಲೋ ತೆರೆದುಕೊಂಡಿತು ಎಂದ ಮಾತ್ರಕ್ಕೆ ಅದು ಮುಕ್ತ ಎಂದಲ್ಲ. ನಿಮ್ಮ ಅಧ್ಯಯನಕ್ಕೆ ಕೆಲವು ಪುಟ ತೆಗೆದುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಅಂಗಡಿ ಇಡಲು ಇಲ್ಲ.

ನಮ್ಮ ತಾಯಿಗೆ ಕಣ್ಣು ಕಾಣುವುದಿಲ್ಲ. ಅವರಿಗೆ?

‘ಸುಗಮ್ಯ ಪುಸ್ತಕಾಲಯ’ ಎಂಬ ತಾಣ 2016ರಿಂದ ಇದೆ, ಮುದ್ರಿತ ಪುಸ್ತಕ ಓದಲಾಗದವರಿಗಾಗಿಯೇ ಮಾಡಿದ್ದು. ಅಂಗವೈಕಲ್ಯದ ಪ್ರಮಾಣಪತ್ರ ಕೊಟ್ಟು ಸದಸ್ಯರಾಗಬೇಕು.

ಅಮೆರಿಕದಲ್ಲಿರುವ ಮಗ ತನ್ನ ಊರಿನ ಗ್ರಂಥಾಲಯದ ಕಾರ್ಡಿನಿಂದ ಜಗತ್ತಿನ ಎಲ್ಲ ಪತ್ರಿಕೆ ಓದುತ್ತಾನಂತೆ. ನಮಗೇಕಿಲ್ಲ?

ಅಲ್ಲಿನ ಗ್ರಂಥಾಲಯ ಪ್ರೆಸ್‌ರೀಡರ್‌ನಂಥ ಸೇವೆಗೆ ಚಂದಾ ಕಟ್ಟಿರುತ್ತದೆ, ಆ ಊರಿನ ನಿವಾಸಿಗಳಿಗಾಗಿ. ಮಗನ ಕಾರ್ಡನ್ನು ನೀವು ಬಳಸುವುದು ಸರಿಯಲ್ಲ. ಇಲ್ಲಿಯೂ ಬೇಕು ಎಂದು ಗ್ರಂಥಾಲಯದ ಸಲಹಾ ಪುಸ್ತಕದಲ್ಲಿ ಬರೆಯಿರಿ. ಆ ಪುಸ್ತಕದಲ್ಲಿ ಇದುವರೆಗೆ ಹೆಚ್ಚಾಗಿ ಇರುವುದು ಫ್ಯಾನ್ ತಿರುಗುವುದಿಲ್ಲ ಎಂಬ ದೂರು.

ಇಷ್ಟೆಲ್ಲ ಏಕೆ, ಚಾಟ್‌ಬಾಟ್ ಕೇಳಿದರೆ ಹೇಳುತ್ತದಲ್ಲ?

ಹೇಳುತ್ತದೆ, ಬಹಳ ವಿನಯದಿಂದ. ಒಬ್ಬ ಹುಡುಗ ಅದು ಕೊಟ್ಟ ಐದು ಪುಸ್ತಕಗಳ ಪಟ್ಟಿ ಹಿಡಿದು ಬಂದ. ಮೂರು ಸಿಕ್ಕವು. ಉಳಿದ ಎರಡನ್ನು ಯಾರೂ ಬರೆದೇ ಇರಲಿಲ್ಲ. ಪದಗಳ ಕಾಗುಣಿತ, ಹಳೆಯ ಹೆಸರು ಕೇಳಲು ಬಳಸಿ. ಅದು ಹೇಳಿದ ಪುಸ್ತಕ ಕಣ್ಣೆದುರು ತೆರೆಯುವವರೆಗೆ ಉಲ್ಲೇಖಿಸಬೇಡಿ.

ಯಾವಾಗ ಬಂದರೆ ಒಳ್ಳೆಯದು?

ಸೋಮವಾರ ಸಾಮಾನ್ಯವಾಗಿ ರಜೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬಂದರೆ ಕಂಪ್ಯೂಟರ್ ಖಾಲಿ ಇರುತ್ತದೆ, ಹನ್ನೊಂದರ ಮೇಲೆ ಪರೀಕ್ಷೆಯ ಹುಡುಗರು ತುಂಬುತ್ತಾರೆ. ಕಾಗದ, ಪೆನ್ನು, ಚಾರ್ಜ್ ಆದ ಮೊಬೈಲ್ ತನ್ನಿ. ಹುಡುಕಬೇಕಾದ ಊರಿನ ಹಳೆಯ ಹೆಸರು, ಆಗಿನ ತಾಲ್ಲೂಕು ಯಾವುದು ಎಂದು ಮನೆಯ ಹಿರಿಯರನ್ನು ಕೇಳಿಕೊಂಡು ಬಂದರೆ ಅರ್ಧ ಗಂಟೆ ಉಳಿಯುತ್ತದೆ. ಮಿರ್ಚಿ ತಿಂದ ಕೈಯಲ್ಲಿ ಹಳೆಯ ಕಟ್ಟುಗಳನ್ನು ಮುಟ್ಟಬೇಡಿ, ನಲ್ಲಿ ಹಿಂದುಗಡೆ ಇದೆ.